ಒಳಾಂಗಣ ಸ್ಥಳನಿರ್ಣಯವೂ ಬೆಂಗಳೂರಿನ ಆಧಾರರೇಖೆಯೂ

ಒಂದು ಸ್ಥಳವನ್ನು ನಿರ್ದೇಶಿಸಲು ಎರಡು ಕ್ರಮಗಳುಂಟು. ನೆರೆಹೊರೆಯ ಗುರುತುಗಳನ್ನು ಹೇಳುವುದು ಒಂದು; ಸರ್ವರಿಗೂ ಸಮಾನವಾದ ಮಾನದಿಂದ ಅಳೆದು ತೋರಿಸುವುದು ಮತ್ತೊಂದು. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನಸಂಪುಟವು ಮೊದಲನೆಯದನ್ನು ಅನುಸರಿಸಿತು: ಇಂಥ ಊರು, ಇಂಥ ದೇವಾಲಯ, ಇಂಥ ಗೋಡೆ. ಕಟ್ಟಡವು ನಿಂತಿರುವವರೆಗೆ ಇದು ಸಾಕು. ಕಲ್ಲು ಕದಲಿದ ಮೇಲೆ ಅರಸುವವನಿಗೆ ಆಧಾರವಿಲ್ಲ.

ಎರಡನೆಯ ಕ್ರಮಕ್ಕೆ ದಕ್ಷಿಣ ಭಾರತದಲ್ಲಿ ಬುನಾದಿ ಬಿದ್ದುದು ಅದಕ್ಕೂ ಒಂದು ಶತಮಾನ ಮೊದಲು, ಬೆಂಗಳೂರಿನ ಬಯಲಿನಲ್ಲಿಯೇ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಉಕ್ಕಿನ ಸರಪಣಿಯಿಂದ ಇಲ್ಲಿ ಸುಮಾರು 7.4 ಮೈಲಿ ಉದ್ದದ ಆಧಾರರೇಖೆಯನ್ನು ಅಳೆದನು. 1802ರಲ್ಲಿ ಮದರಾಸಿನ ಬಳಿ ಹೊಸ ರೇಖೆಯೊಂದನ್ನು ಅಳೆದು, ಅಲ್ಲಿಂದ ತ್ರಿಕೋನಗಳ ಸರಣಿಯನ್ನು ಪಶ್ಚಿಮಕ್ಕೆ ತಂದನು. ಆ ಸರಣಿಯನ್ನು ಪರೀಕ್ಷಿಸಲು 1804ರಲ್ಲಿ ಬೆಂಗಳೂರಿನಲ್ಲಿ ಮತ್ತೊಮ್ಮೆ ರೇಖೆಯೊಂದನ್ನು ಅಳೆಯಲಾಗಿ, ಲೆಕ್ಕಕ್ಕೂ ಅಳತೆಗೂ ಕಂಡ ಅಂತರವು ನಾಲ್ಕು ಅಂಗುಲಕ್ಕಿಂತ ಕಡಮೆಯಾಗಿದ್ದಿತು.

ಬಯಲಿಗೆ ಸಲ್ಲುವ ಈ ಮಾನವು ಹೊಸ್ತಿಲನ್ನು ದಾಟುವುದು ಹೇಗೆಂಬುದೇ ಈಗಿನ ಪ್ರಶ್ನೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಇಂದಿರಾನಗರ, ಹಲಸೂರುಗಳ ಮೂಲಕ ಮಹಾತ್ಮ ಗಾಂಧಿ ರಸ್ತೆಯವರೆಗೆ ಮೆಟ್ರೋ ರೈಲು ಸಂಚರಿಸತೊಡಗಿತು. 2016ರಲ್ಲಿ ಮಾರ್ಗವು ಮುಂದುವರಿದು ಕಬ್ಬನ್ ಪಾರ್ಕಿನ ನೆಲದಡಿಯ ನಿಲ್ದಾಣವನ್ನು ಹೊಕ್ಕಿತು. ಕೈಯಲ್ಲಿನ ಮೊಬೈಲಿಗೆ ಸ್ಥಾನವನ್ನು ತಿಳಿಸುವ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅವುಗಳ ಕ್ಷೀಣವಾದ ಸಂಕೇತವು ನೆಲದಡಿಗೆ ಮುಟ್ಟದು. ಅಂಥ ಸ್ಥಳಗಳಲ್ಲಿ ವೈಫೈ, ಬ್ಲೂಟೂತ್ ಸಂಕೇತಗಳ ಬಲವನ್ನು ಮೊದಲೇ ದಾಖಲಿಸಿದುದರೊಡನೆ ಹೋಲಿಸಿ ಸ್ಥಾನವನ್ನೂ, ವಾಯುಭಾರದಿಂದ ಅಂತಸ್ತನ್ನೂ ಊಹಿಸುವುದುಂಟು.

ಹೀಗೆ ದೊರೆತ ಸ್ಥಾನವು ಆ ಕಟ್ಟಡದ ನಕ್ಷೆಗೆ ಮಾತ್ರ ಸಂಬಂಧಿಸಿದ್ದು. ನಕ್ಷೆಯ ಎರಡು ಬಿಂದುಗಳಾದರೂ ಹೊರಗಿನ ಅಕ್ಷಾಂಶ ರೇಖಾಂಶಗಳೊಡನೆ ಕೂಡಬೇಕು. ಅಂತಸ್ತುಗಳ ಎಣಿಕೆಯೂ ಎಲ್ಲರಿಗೂ ಒಂದೇ ಆಗಿರಬೇಕು. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ಭೂಪಟದಲ್ಲಿ ಕೊಠಡಿ, ಮೆಟ್ಟಿಲು, ಅಂತಸ್ತುಗಳನ್ನು ಗುರುತಿಸುವ ಪದ್ಧತಿಯು ಬೆಳೆದಿದೆ. 2014ರಲ್ಲಿ ಓಪನ್ ಜಿಯೋಸ್ಪೇಶಿಯಲ್ ಕನ್ಸೋರ್ಷಿಯಂ ಸಂಸ್ಥೆಯು ಇದಕ್ಕಾಗಿಯೇ ಇಂಡೋರ್‌ಜಿಎಂಎಲ್ ಎಂಬ ಮಾನಕವನ್ನು ಅಂಗೀಕರಿಸಿತು. 2021ರ ಫೆಬ್ರವರಿಯಲ್ಲಿ ಭಾರತ ಸರ್ಕಾರವು ಭೂಪಟರಚನೆಗೆ ಬೇಕಾಗಿದ್ದ ಪೂರ್ವಾನುಮತಿಯನ್ನು ಬಹುಮಟ್ಟಿಗೆ ತೆಗೆದುಹಾಕಿತು.

ಒಳಗಿನ ನಕ್ಷೆಯು ಅದನ್ನು ರಚಿಸಿದವರ ಸ್ವತ್ತಾಗಿಯೇ ಉಳಿದರೆ ಅದರ ದೋಷವನ್ನು ಅನ್ಯರು ಕಾಣಲಾರರು. ಹೊಗೆ ತುಂಬಿದ ಕಟ್ಟಡವನ್ನು ಹೊಗುವ ಅಗ್ನಿಶಾಮಕನಿಗೂ ದೃಷ್ಟಿಹೀನನಾದ ಪ್ರಯಾಣಿಕನಿಗೂ ಒಂದು ಅಂತಸ್ತಿನ ತಪ್ಪು ಅಲ್ಪವಲ್ಲ. ಮದರಾಸಿನ ಲೆಕ್ಕವನ್ನು 1804ರಲ್ಲಿ ಬೆಂಗಳೂರಿನ ನೆಲದ ಮೇಲೆ ಪರೀಕ್ಷಿಸಿದಂತೆ, ಒಳಾಂಗಣದ ನಕ್ಷೆಯನ್ನೂ ಹೊರಗಿನ ಬಿಂದುಗಳಿಂದ ಪರೀಕ್ಷಿಸಲು ಅವಕಾಶವಿರಬೇಕೆಂಬುದು ಮೇಲ್ಕಂಡ ವೃತ್ತಾಂತದಿಂದ ಸ್ಪಷ್ಟವಾಗುತ್ತದೆ.