ಗಾಲಿ, ಹಲ್ಲು ಮತ್ತು ಸಂಡೂರಿನ ಇಳಿಜಾರು

ಐವತ್ತರ ನೋಟಿನ ಹಿಂಬದಿ ನೋಡಿ. ಹಂಪಿಯ ಕಲ್ಲಿನ ರಥ ಇದೆ. ಅದರ ಚಕ್ರಗಳು ಒಂದು ಕಾಲಕ್ಕೆ ತಿರುಗುತ್ತಿದ್ದವು. ಸವೆಯಬಾರದು ಅಂತ ಈಗ ಸಿಮೆಂಟ್ ಹಾಕಿ ನಿಲ್ಲಿಸಿದ್ದಾರೆ. ಅದು ಎಲ್ಲಿಗೂ ಹೋಗದ ತೇರು. ಆದರೆ ವಿರೂಪಾಕ್ಷನ ಮರದ ತೇರು ಪ್ರತಿ ವರ್ಷ ಹೋಗುತ್ತೆ. ನೂರಾರು ಜನ ಹಗ್ಗ ಹಿಡಿದು ಎಳೀತಾರೆ; ಬೇಕಾದಲ್ಲಿ ನಿಲ್ಲಿಸೋಕೆ ಚಕ್ರಕ್ಕೆ ಮರದ ತುಂಡು ಕೊಡ್ತಾರೆ. ಭಾರ ಸಾಗಿಸುವ ಎರಡು ಕಷ್ಟಗಳೂ ಅಲ್ಲಿ ಕಣ್ಣೆದುರೇ ಇವೆ: ಎಳೆಯೋದು ಒಂದು, ತಡೆಯೋದು ಇನ್ನೊಂದು.

ತೇರಿಗಾಗಲಿ ಎತ್ತಿನ ಗಾಡಿಗಾಗಲಿ ಚಕ್ರ ದೊಡ್ಡದಿದ್ದಷ್ಟೂ ಒಳ್ಳೇದು. ಗುಂಡಿ ಸುಲಭವಾಗಿ ದಾಟುತ್ತೆ, ಕೆಸರಲ್ಲಿ ಕಡಿಮೆ ಹೂಳುತ್ತೆ. ಎತ್ತು ಗಾಡಿಯನ್ನು ಎಳೆಯುತ್ತದೆಯೇ ಹೊರತು ಚಕ್ರವನ್ನು ತಿರುಗಿಸೋದಿಲ್ಲ. ಹಾಗಾಗಿ ದೊಡ್ಡ ಗಾಲಿ ಅದಕ್ಕೆ ಹೊರೆಯಲ್ಲ. ಈ ಲೆಕ್ಕ ತಲೆಕೆಳಗಾದದ್ದು ಚಕ್ರವನ್ನೇ ತಿರುಗಿಸುವ ಯಂತ್ರ ಬಂದ ಮೇಲೆ. ಆಗ ಗಾಲಿ ದೊಡ್ಡದಾದಷ್ಟೂ ಅದನ್ನು ತಿರುಗಿಸೋಕೆ ಹೆಚ್ಚು ಬಲ ಬೇಕು.

1880ರ ದಶಕದಲ್ಲಿ ಹೊಸಪೇಟೆಗೆ ಮೀಟರ್ ಗೇಜ್ ರೈಲು ಬಂತು. ಉಗಿ ಎಂಜಿನ್ನಿಗೆ ಗೇರ್ ಬಾಕ್ಸ್ ಇಲ್ಲ. ಪಿಸ್ಟನ್ ರಾಡು ನೇರವಾಗಿ ಚಕ್ರ ತಿರುಗಿಸುತ್ತೆ, ಅಂದ್ರೆ ಚಕ್ರದ ಅಳತೆಯೇ ಅದರ ಗೇರು. ಸ್ವಾತಂತ್ರ್ಯದ ನಂತರ ದೇಶದ ಮೀಟರ್ ಗೇಜ್ ಹಳಿಗಳ ಮೇಲೆ ಓಡಿದ ವೈಪಿ, ವೈಜಿ ಎಂಜಿನ್‌ಗಳನ್ನೇ ತಗೊಳ್ಳಿ. ಪ್ಯಾಸೆಂಜರ್ ಎಳೆಯುವ ವೈಪಿಯ ಚಕ್ರ ನಾಲ್ಕೂವರೆ ಅಡಿ, ಗೂಡ್ಸ್ ಎಳೆಯುವ ವೈಜಿಯದು ನಾಲ್ಕೇ ಅಡಿ. ವೇಗ ಬೇಕಾದರೆ ದೊಡ್ಡ ಚಕ್ರ, ಭಾರ ಎಳೆಯಬೇಕಾದರೆ ಸಣ್ಣ ಚಕ್ರ. ಆಯ್ಕೆ ಕಾರ್ಖಾನೆಯಲ್ಲೇ ಮುಗಿದುಹೋಗುತ್ತಿತ್ತು.

ಸಂಡೂರು ಆಗ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. 1907ರಲ್ಲಿ ಜನರಲ್ ಸಂಡೂರ್ ಮೈನಿಂಗ್ ಕಂಪನಿ ಮ್ಯಾಂಗನೀಸ್ ಅಗೆಯೋಕೆ ಬಂತು. 1954ರಲ್ಲಿ ಸಂಡೂರ್ ಮ್ಯಾಂಗನೀಸ್ ಕಂಪನಿ ಶುರುವಾಯಿತು. ಬೆಟ್ಟ ಅಗೆಯೋರು ಹೆಚ್ಚಾದ ಹಾಗೆ ಲಾರಿಗಳೂ ಹೆಚ್ಚಾದವು. ಲಾರಿ ಬಂದ ಮೇಲೆ ಗೇರಿನ ಆಯ್ಕೆ ಕಾರ್ಖಾನೆಯಿಂದ ಗ್ಯಾರೇಜಿಗೂ ಇಳಿಯಿತು.

ಲಾರಿಯ ಹಿಂದಿನ ಆಕ್ಸಲ್‌ ನಡುವೆ ದಪ್ಪ ಹೊಟ್ಟೆಯಂಥದ್ದು ಇರುತ್ತಲ್ಲ, ಅದರೊಳಗೆ ಒಂದು ಸಣ್ಣ ಪಿನಿಯನ್, ಒಂದು ದೊಡ್ಡ ಕ್ರೌನ್. ಪಿನಿಯನ್ನಿಗೆ 6 ಹಲ್ಲು, ಕ್ರೌನಿಗೆ 41 ಹಲ್ಲು ಇದ್ದರೆ ರೇಷಿಯೋ 6.83. ಅಂದ್ರೆ ಪ್ರೊಪೆಲ್ಲರ್ ಶಾಫ್ಟ್ 6.83 ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು. 7/41 ಹಾಕಿದರೆ 5.86. ಸಂಖ್ಯೆ ದೊಡ್ಡದಿದ್ದರೆ ಬಲ ಜಾಸ್ತಿ, ವೇಗ ಕಡಿಮೆ. ಸಣ್ಣದಿದ್ದರೆ ಉಲ್ಟಾ.

ಇನ್ನು ಟೈರು. 9.00-20 ತೆಗೆದು 10.00-20 ಹಾಕೋದು ಲಾರಿ ಲೋಕದ ಹಳೆಯ ರೂಢಿ. ವ್ಯಾಸ ಹೆಚ್ಚಾಗೋದು ಸುಮಾರು 3.5%. ಕ್ರೌನ್–ಪಿನಿಯನ್ ಮುಟ್ಟದೇ ಇದ್ದರೂ 6.83 ಇದ್ದದ್ದು 6.6ರ ಹಾಗೆ ವರ್ತಿಸುತ್ತೆ. ಜೊತೆಗೆ 7/41ನ್ನೂ ಹಾಕಿದರೆ ಗಾಲಿಗೆ ಸಿಗುವ ಬಲ ಒಟ್ಟು 17% ಕಡಿಮೆ. ಅಷ್ಟೇ ಆರ್‌ಪಿಎಂನಲ್ಲಿ ಲಾರಿ ಹೆಚ್ಚು ದೂರ ಓಡುತ್ತೆ. ಟ್ರಿಪ್ ಲೆಕ್ಕದಲ್ಲಿ ಬದುಕುವವರಿಗೆ ಇದು ಎಂಥಾ ಆಸೆ ಅಂತ ಬೇರೆ ಹೇಳಬೇಕಿಲ್ಲ.

2000ದ ದಶಕದಲ್ಲಿ ಚೀನಾ ಕಬ್ಬಿಣದ ಅದಿರಿಗೆ ಮುಗಿಬಿದ್ದಾಗ ಹೊಸಪೇಟೆ, ಸಂಡೂರಿನ ರಸ್ತೆಗಳಲ್ಲಿ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಗಿಡಮರಗಳೂ ಕೆಂಪಾದವು. ಇಲ್ಲಿ ಸಾಮಾನ್ಯವಾಗಿ ಮರೆಯುವ ಒಂದು ಸಂಗತಿ ಇದೆ. ಅದಿರು ಇರೋದು ಬೆಟ್ಟದ ಮೇಲೆ. ಲಾರಿ ಖಾಲಿ ಹತ್ತಿ, ತುಂಬಿ ಇಳಿಯುತ್ತೆ. ಅಲ್ಲಿಂದ ಬೇಲೆಕೇರಿ ಬಂದರಿಗೆ ಹೋಗಬೇಕಾದರೆ ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳೀಬೇಕು. ಅಲ್ಲೂ ತುಂಬಿದ ಲಾರಿಗೆ ಇಳಿಜಾರೇ. ಹಾಗಾಗಿ ಈ ದಾರಿಯಲ್ಲಿ ಆಕ್ಸಲ್ ರೇಷಿಯೋದ ಅತಿದೊಡ್ಡ ಕೆಲಸ ಹತ್ತಿಸೋದಲ್ಲ, ಹಿಡಿದು ನಿಲ್ಲಿಸೋದು. ತೇರಿನ ಚಕ್ರಕ್ಕೆ ಕೊಡುವ ಮರದ ತುಂಡಿನ ಕೆಲಸ.

ಇಳಿಜಾರಲ್ಲಿ ಡ್ರೈವರ್ ಬ್ರೇಕ್ ಒಂದನ್ನೇ ನಂಬೋದಿಲ್ಲ. ಲೋ ಗೇರ್ ಹಾಕಿ ಎಂಜಿನ್ನಿನಿಂದಲೇ ವೇಗ ಹಿಡೀತಾನೆ. ಟೈರ್ ದೊಡ್ಡದಾಗಿ, ರೇಷಿಯೋ ಸಣ್ಣದಾದರೆ ಆ ಹಿಡಿತ ಅಷ್ಟೇ ಪ್ರಮಾಣದಲ್ಲಿ ಸಡಿಲ. ಬ್ರೇಕ್ ಕೂಡ ದೊಡ್ಡ ಗಾಲಿಯ ಎದುರು ಹೆಚ್ಚು ಒದ್ದಾಡಬೇಕು. ಗೇರ್ ಇನ್ನೂ ಇಳಿಸಬಹುದಲ್ವಾ ಅಂತೀರಾ? ಇಳಿಸಬಹುದು. ಆದರೆ ಫಸ್ಟ್ ಗೇರಿನ ಕೆಳಗೆ ಇನ್ನೊಂದು ಗೇರ್ ಇಲ್ಲ. ಇದರ ಮೇಲೆ ಓವರ್‌ಲೋಡ್ ಬೇರೆ. ಲೋಕಾಯುಕ್ತ ನ್ಯಾ. ಸಂತೋಷ್ ಹೆಗ್ಡೆ ಅವರ ವರದಿಗಳು ಅಕ್ರಮ ಗಣಿಗಾರಿಕೆಯ ಜೊತೆಗೆ ಲಾರಿಗಳ ಓವರ್‌ಲೋಡನ್ನೂ ಎತ್ತಿ ತೋರಿಸಿದವು. ಹೆಚ್ಚುವರಿ ಟನ್ನಿನ ಲಾಭ ಒಬ್ಬರದು, ಘಾಟಿಯಲ್ಲಿ ಸ್ಟೀರಿಂಗ್ ಹಿಡಿದವನು ಇನ್ನೊಬ್ಬ. ಮಾಲೀಕ ಟ್ರಿಪ್ ನೋಡಿ ರೇಷಿಯೋ ಆರಿಸಿದರೆ, ಅದರ ಪರಿಣಾಮ ಅನುಭವಿಸುವವನು ಡ್ರೈವರ್.

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ನಿಂತವು. 2013ರ ಏಪ್ರಿಲ್‌ನಲ್ಲಿ ಷರತ್ತುಗಳೊಂದಿಗೆ ಕೆಲವು ಗಣಿಗಳಿಗೆ ಅನುಮತಿ ಸಿಕ್ಕಿತು, ತೀರಾ ನಿಯಮ ಮೀರಿದವು ರದ್ದಾದವು.

ದೊಡ್ಡ ಗಾಲಿಗೆ ತಕ್ಕ ಹಲ್ಲು ಹೇಗಿರಬೇಕು ಅಂತ ನೋಡಬೇಕಾದರೆ ಕಂಪ್ಲಿಯ ಭತ್ತದ ಗದ್ದೆಗೆ ಹೋಗಿ. ಟ್ರ್ಯಾಕ್ಟರಿನ ಹಿಂದಿನ ಗಾಲಿ ಎದೆಯೆತ್ತರ ಇರುತ್ತೆ. ಆದರೂ ಕೆಸರಲ್ಲಿ ಎಂಜಿನ್ ಉಸಿರುಗಟ್ಟೋದಿಲ್ಲ, ಯಾಕಂದ್ರೆ ಒಳಗಿನ ಗೇರುಗಳು ವೇಗವನ್ನು ಅಷ್ಟೇ ಧಾರಾಳವಾಗಿ ತಗ್ಗಿಸುತ್ತವೆ. ದೊಡ್ಡ ಗಾಲಿಗೆ ದೊಡ್ಡ ರೇಷಿಯೋ.

ಈಗ ವೀಕೆಂಡಿಗೆ ಪಿಕಪ್ಪು, ಜೀಪು ತಗೊಂಡು ಹಂಪಿಗೆ ಹೋಗುವವರಿಗೂ ಇದೇ ಸೂತ್ರ: ಹಳೆ ರೇಷಿಯೋವನ್ನು ಹೊಸ ಟೈರಿನ ವ್ಯಾಸದಿಂದ ಗುಣಿಸಿ, ಹಳೆ ವ್ಯಾಸದಿಂದ ಭಾಗಿಸಿ. 255/65 ಆರ್18 ಟೈರಿನ ವ್ಯಾಸ ಸುಮಾರು 789 ಮಿ.ಮೀ.; 33 ಇಂಚಿನದು 838. ಆಕ್ಸಲ್ 4.10 ಇದ್ದರೆ, ಮೊದಲಿನ ಎಳೆತವೇ ಬೇಕಾದರೆ 4.36ರ ಹತ್ತಿರದ್ದು ಬೇಕು. ಫೋರ್ ವೀಲ್ ಡ್ರೈವ್ ಆದರೆ ಮುಂದೆ ಹಿಂದೆ ಎರಡಕ್ಕೂ ಒಂದೇ ರೇಷಿಯೋ. ಟೈರ್ ಮಾತ್ರ ಬದಲಾಯಿಸಿದರೆ ಮೀಟರ್ 100 ತೋರಿಸುವಾಗ ನೀವು 106ರಲ್ಲಿ ಇರ್ತೀರಿ. ಕಾನೂನನ್ನೂ ನೋಡ್ಕೊಳ್ಳಿ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮತ್ತು 2019ರ ಸುಪ್ರೀಂ ಕೋರ್ಟ್ ತೀರ್ಪು ಕಂಪನಿ ಕೊಟ್ಟ ಮೂಲ ವಿವರಗಳನ್ನು ಬದಲಾಯಿಸೋದಕ್ಕೆ ಕಡಿವಾಣ ಹಾಕಿವೆ.

ಟೈರ್ ಆರಿಸುವಾಗ ಎಲ್ಲರೂ ಕೇಳೋದು, ಹತ್ತುತ್ತಾ ಅಂತ. ಸಂಡೂರಿನ ರಸ್ತೆಗಳ ಚರಿತ್ರೆ ಗೊತ್ತಿರೋರು ಇನ್ನೊಂದನ್ನೂ ಕೇಳ್ತಾರೆ: ತುಂಬಿದಾಗ ಇಳಿಯುತ್ತಾ?