ಬಾಗಿಲಿಗಿಂತ ಮುಂಚಿನ ಮೆಟ್ಟಿಲು

ಕಾಶಿಯಾತ್ರೆ ಮಾಡಿ ಬಂದ ಕನ್ನಡಿಗರಿಗೆ ಹನುಮಾನ್ ಘಾಟ್ ಗೊತ್ತು, ಹರಿಶ್ಚಂದ್ರ ಘಾಟ್ ಗೊತ್ತು. ಅವೆರಡರ ಹತ್ತಿರ ಮೈಸೂರು ಸಂಸ್ಥಾನ ಕಟ್ಟಿಸಿದ ಕರ್ನಾಟಕ ಘಾಟ್ ಇದೆ ಎಂಬುದೂ ಹಲವರಿಗೆ ಗೊತ್ತು. ಅಲ್ಲಿಂದ ನದಿಗೆ ಬೆನ್ನು ಮಾಡಿ ಗಲ್ಲಿಗಳಲ್ಲಿ ನಡೆದರೆ ಸಿಗುವುದು ಭೇಲೂಪುರ. ಇಪ್ಪತ್ತಮೂರನೆಯ ತೀರ್ಥಂಕರ ಪಾರ್ಶ್ವನಾಥ ಹುಟ್ಟಿದ ಜಾಗವೆಂದು ಜೈನರು ಅಲ್ಲಿಗೆ ಹೋಗುತ್ತಾರೆ. ಉಳಿದ ಯಾತ್ರಿಕರಿಗೆ ಅದು ಆಟೋ ತಿರುಗುವ ಒಂದು ಸರ್ಕಲ್ಲು, ಅಷ್ಟೆ.

ಬನಾರಸ್ಸಿನ ಆರೋಗ್ಯದ ಚರಿತ್ರೆಯಲ್ಲಿ ಮಾತ್ರ ಭೇಲೂಪುರಕ್ಕೆ ದೊಡ್ಡ ಹೆಸರು. ಭದೈನಿಯಲ್ಲಿ ಗಂಗೆಯಿಂದ ನೀರೆತ್ತಿ, ಭೇಲೂಪುರದಲ್ಲಿ ಸೋಸಿ, ಊರಿಗೆ ಕೊಳಾಯಿಯಲ್ಲಿ ಹರಿಸುವ ಜಲಸ್ಥಾವರ 1892ರಿಂದ ಅಲ್ಲಿದೆ. ಕಾಲರಾ ವರ್ಷವರ್ಷವೂ ಜನರನ್ನು ಒಯ್ಯುತ್ತಿದ್ದ ಊರಿಗೆ ಅದೊಂದು ವರವೇ ಆಗಿತ್ತು. ಸೋಸುವ ತೊಟ್ಟಿಗೆ, ಪಂಪಿಗೆ, ಪೈಪಿಗೆ ಹಣ ಸಿಕ್ಕಿತು, ಎಂಜಿನಿಯರು ಸಿಕ್ಕಿದರು. ಆದರೆ ಆ ಸೋಸಿದ ನೀರನ್ನು ಹಾಸಿಗೆ ಹಿಡಿದವನ ಬಾಯಿಗೆ ಗುಟುಕು ಗುಟುಕಾಗಿ ಹಾಕಲು, ಅವನು ಹೊರಹಾಕಿದ ನೀರೆಷ್ಟು ಎಂದು ಲೆಕ್ಕ ಇಡಲು ಬಲ್ಲವರು ಊರಿನಲ್ಲಿ ಎಷ್ಟು ಜನ ಇದ್ದರು? ಈ ಪ್ರಬಂಧ ಅಂಥವರ ಬಗ್ಗೆ. ಇನ್ನೂ ಖಚಿತವಾಗಿ ಹೇಳಬೇಕೆಂದರೆ, ಬದುಕಿನ ನಡುವೆ ಬೇರೇನೋ ಆಗಿದ್ದು ಆಮೇಲೆ ನರ್ಸ್ ಆಗಬಯಸುವವರು ಮೊದಲು ಏನು ಓದಿರಬೇಕು, ಆ ಓದನ್ನು ಅವರಿಗೆ ಯಾರು ಕೊಟ್ಟರು ಎಂಬ ಬಗ್ಗೆ.

ಕಾಶಿವಾಸ ಎಂಬ ಮಾತು ನಮಗೆ ಹೊಸದಲ್ಲ. ಮುಪ್ಪಿನಲ್ಲಿ, ವೈಧವ್ಯದಲ್ಲಿ ಕಾಶಿಗೆ ಹೋಗಿ ಅಲ್ಲೇ ಕಣ್ಣು ಮುಚ್ಚುವುದು ಪುಣ್ಯ ಎಂದು ನಂಬಿ ಬಂಗಾಳದಿಂದ, ಮಹಾರಾಷ್ಟ್ರದಿಂದ, ನಮ್ಮ ಕಡೆಯಿಂದಲೂ ಜನ ಹೋದರು. ಹಾಗೆ ಹೋದವರಲ್ಲಿ ವಿಧವೆಯರು ಬಹಳ. ಅವರ ಹಿಂದಿನ ಬದುಕನ್ನು ಸ್ವಲ್ಪ ನೆನೆಸಿಕೊಳ್ಳಿ. ಕೂಡುಕುಟುಂಬದಲ್ಲಿ ಯಾರದೇ ಬಾಣಂತನವಾಗಲಿ, ಮಾವನ ಪಾರ್ಶ್ವವಾಯುವಾಗಲಿ, ಮಗುವಿನ ಸಿಡುಬಾಗಲಿ, ರಾತ್ರಿ ಎದ್ದು ಕೂರುತ್ತಿದ್ದವಳು ಮಡಿ ಹೆಂಗಸೇ. ಗಂಜಿಯ ಹದ, ಜ್ವರ ಏರುವ ಹೊತ್ತು, ಬೆನ್ನುಹುಣ್ಣು ಶುರುವಾಗುವ ಬಗೆ ಅವಳಿಗೆ ತಿಳಿದಿತ್ತು. ಇಪ್ಪತ್ತು ಮೂವತ್ತು ವರ್ಷದ ಅನುಭವ. ಅದಕ್ಕೆ ಸಂಬಳವೂ ಇಲ್ಲ, ಹೆಸರೂ ಇಲ್ಲ. ಅವಳೇ ಕಾಶಿಯಲ್ಲಿ ಕಾಯಿಲೆ ಬಿದ್ದಾಗ ನೋಡುವವರು ಇರಲಿಲ್ಲ.

1900ರ ಜೂನ್ ತಿಂಗಳಲ್ಲಿ ಇದನ್ನು ಕಂಡು ಸುಮ್ಮನಿರಲಾರದೆ ಹೋದವರು ಕೆಲವು ಬಂಗಾಳಿ ಯುವಕರು. ವಿವೇಕಾನಂದರ ಬರಹ ಓದಿ ಬಿಸಿಯಾಗಿದ್ದವರು. ಜಾಮಿನಿ ರಂಜನ್ ಮಜುಂದಾರ್ ಬೀದಿಯ ಬದಿಯಲ್ಲಿ ಬಿದ್ದಿದ್ದ ಮುದುಕಿಯೊಬ್ಬಳನ್ನು ಎತ್ತಿ ಆರೈಕೆ ಮಾಡಿದ್ದರಿಂದ ಕೆಲಸ ಶುರುವಾಯಿತು. ಚಾರುಚಂದ್ರ ದಾಸ್, ಕೇದಾರನಾಥ ಮೌಲಿಕ್ ಜೊತೆಗೂಡಿದರು. ಬಡವರ ನೆರವಿನ ಸಂಘ ಎಂಬರ್ಥದ ಹೆಸರಿನಲ್ಲಿ ಹುಟ್ಟಿದ ಆ ಗುಂಪು, 1902ರಲ್ಲಿ ವಿವೇಕಾನಂದರು ಕಾಶಿಗೆ ಬಂದಾಗ ಅವರ ಸಲಹೆಯಂತೆ ಸೇವಾಶ್ರಮವೆಂದು ಕರೆಸಿಕೊಂಡಿತು. ಲಕ್ಸಾ ಬಡಾವಣೆಯಲ್ಲಿ ಇಂದಿಗೂ ನಡೆಯುತ್ತಿರುವ ರಾಮಕೃಷ್ಣ ಮಿಷನ್ ಆಸ್ಪತ್ರೆ ಅದರದೇ ಬೆಳವಣಿಗೆ. ಈ ಯುವಕರು ಮಾಡಿದ್ದು ನರ್ಸಿನ ಕೆಲಸ: ಮೈ ಒರೆಸಿದರು, ಮಲ ಬಳಿದರು, ಊಟ ತಿನ್ನಿಸಿದರು. ಗಂಡಸರು, ಮೇಲುಜಾತಿಯ ಓದಿದವರು ಇದನ್ನು ಮಾಡುತ್ತಾರೆಂದರೆ ಊರು ಬೆರಗಾಯಿತು. ಅವರ ಬಳಿ ತರಬೇತಿ ಇರಲಿಲ್ಲ. ಭಕ್ತಿ ಇತ್ತು, ಮಾಡುತ್ತಾ ಕಲಿತರು.

ಭಕ್ತಿಯಿಂದ ಒಂದು ಆಶ್ರಮ ನಡೆಯುತ್ತದೆ. ಒಂದು ದೇಶದ ಆಸ್ಪತ್ರೆಗಳು ನಡೆಯಲು ತರಬೇತಿ ಬೇಕು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಶಾಲೆ ತೆರೆದಾಗ ಸ್ಥಾಪಿಸಿದ್ದು ಇದನ್ನೇ: ಆರೈಕೆ ಕಲಿಯಬೇಕಾದ ವಿದ್ಯೆ, ಹೆಣ್ಣಿಗೆ ತಾನಾಗಿ ಬರುವ ಗುಣವಲ್ಲ. ಭಾರತದಲ್ಲಿ 1885ರ ಲೇಡಿ ಡಫರಿನ್ ನಿಧಿ ಹೆಣ್ಣು ವೈದ್ಯರ ಜೊತೆಗೆ ನರ್ಸ್ ಮತ್ತು ಸೂಲಗಿತ್ತಿಯರ ತರಬೇತಿಯನ್ನೂ ಗುರಿಯಾಗಿಟ್ಟುಕೊಂಡಿತು. 1888ರಲ್ಲಿ ಕ್ಯಾಥರಿನ್ ಲಾಕ್ ಮುಂದಾಳಾಗಿ ಹತ್ತು ಮಂದಿ ಬ್ರಿಟಿಷ್ ನರ್ಸುಗಳು ಸೈನಿಕ ಆಸ್ಪತ್ರೆಗಳಿಗೆಂದು ಬಂದಿಳಿದರು. ನಮ್ಮ ನರ್ಸಿಂಗ್ ಪಠ್ಯಗಳಲ್ಲಿ ಬರುವ ಮೊದಲ ಭಾರತೀಯ ಹೆಸರು 1891ರಲ್ಲಿ ಮುಂಬೈಯಲ್ಲಿ ತರಬೇತಿಗೆ ಸೇರಿದ ಬಾಯಿ ಕಾಶೀಬಾಯಿ ಗಣಪತ್ ಅವರದು.

ಇಂಥ ಹೆಸರುಗಳು ಬಹಳ ಕಾಲ ವಿರಳವಾಗಿದ್ದವು. ಆರಂಭದ ದಶಕಗಳಲ್ಲಿ ಈ ವೃತ್ತಿಗೆ ಬಂದವರು ಹೆಚ್ಚಾಗಿ ಆಂಗ್ಲೋ ಇಂಡಿಯನ್ ಮತ್ತು ಭಾರತೀಯ ಕ್ರೈಸ್ತ ಕುಟುಂಬಗಳ ಹೆಣ್ಣುಮಕ್ಕಳು. ಕಾರಣ ಕೇಳಿದರೆ ನಾವು ಥಟ್ಟನೆ ಮಡಿ-ಮೈಲಿಗೆ ಎನ್ನುತ್ತೇವೆ. ಅದು ನಿಜ. ಪರಗಂಡಸಿನ ಮೈ ಮುಟ್ಟುವುದು, ರಕ್ತ, ಮಲ, ರಾತ್ರಿ ಪಾಳಿ, ಎಲ್ಲವೂ ಅಡ್ಡಿಯೇ. ಆದರೆ ಇನ್ನೊಂದು ಕಾರಣ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಔಷಧದ ಚೀಟಿ ಓದಲು, ಚಾರ್ಟ್ ತುಂಬಲು, ಡೋಸಿನ ಲೆಕ್ಕ ಹಾಕಲು, ಇಂಗ್ಲಿಷ್ ಪಾಠ ಅರ್ಥಮಾಡಿಕೊಳ್ಳಲು ಶಾಲೆಯ ಓದು ಬೇಕು. ಮಿಷನರಿ ಶಾಲೆಯಲ್ಲಿ ಓದಿದ ಹುಡುಗಿಗೆ ಅದು ಮೊದಲೇ ಸಿಕ್ಕಿತ್ತು. ಮೂವತ್ತು ವರ್ಷ ಆರೈಕೆ ಮಾಡಿ ಪಳಗಿದ ಕಾಶಿಯ ವಿಧವೆಗೆ ಅಕ್ಷರವೇ ಬಾರದು. ಮನೆಯವರು ಒಪ್ಪಿದರೂ ಅವಳು ಅರ್ಜಿ ಹಾಕುವ ಹಾಗಿರಲಿಲ್ಲ.

ಇಲ್ಲಿ ಬನಾರಸ್ಸಿನಲ್ಲಿ ಒಂದು ಕೂಡದ ಯೋಗ ಕಾಣುತ್ತದೆ. ಭೇಲೂಪುರಕ್ಕೆ ಅಂಟಿಕೊಂಡಿರುವ ಕಮಚ್ಛಾದಲ್ಲಿ ಆನಿ ಬೆಸೆಂಟರ ಬಳಗ 1904ರಲ್ಲಿ ಸೆಂಟ್ರಲ್ ಹಿಂದೂ ಗರ್ಲ್ಸ್ ಸ್ಕೂಲ್ ತೆರೆಯಿತು. ಮರುವರ್ಷ, 1905ರಲ್ಲಿ, ಅದೇ ಪ್ರಾಂತ್ಯದ ಲಕ್ನೋದಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟರ ಸಂಘ ಹುಟ್ಟಿತು. 1908ರಲ್ಲಿ ಬಂದ ಟ್ರೈನ್ಡ್ ನರ್ಸಸ್ ಅಸೋಸಿಯೇಷನ್ ಆಫ್ ಇಂಡಿಯಾಕ್ಕೆ ಅದೇ ಬುನಾದಿ. ಅತ್ತ ಹಿಂದೂ ಹುಡುಗಿಯರ ಶಾಲೆ, ಇತ್ತ ನರ್ಸುಗಳ ಸಂಘ, ನಡುವೆ ಸೇವಾಶ್ರಮದ ರೋಗಿಗಳು. ಮೂರೂ ಒಂದೇ ಪ್ರಾಂತ್ಯದಲ್ಲಿ, ಒಂದೇ ಕಾಲದಲ್ಲಿ ಇದ್ದವು. ಒಂದನ್ನು ಇನ್ನೊಂದಕ್ಕೆ ಜೋಡಿಸುವ ಮೆಟ್ಟಿಲು ಇರಲಿಲ್ಲ.

ಆ ಮೆಟ್ಟಿಲನ್ನು ಕಟ್ಟಿದ್ದು ಪುಣೆ. ಹನ್ನೊಂದರ ಹರೆಯದಲ್ಲಿ ಮದುವೆಯಾಗಿ, ಮದುವೆಯ ನಂತರ ಗಂಡ ಮಹಾದೇವ ಗೋವಿಂದ ರಾನಡೆಯವರಿಂದಲೇ ಅಕ್ಷರ ಕಲಿತ ರಮಾಬಾಯಿ ರಾನಡೆ 1901ರಲ್ಲಿ ವಿಧವೆಯಾದರು. 1909ರಲ್ಲಿ ಗೋಪಾಲಕೃಷ್ಣ ದೇವಧರ್ ಜೊತೆ ಪುಣೆಯ ಸೇವಾಸದನ ಕಟ್ಟಿದರು. ಅಲ್ಲಿ ದೊಡ್ಡ ವಯಸ್ಸಿನ ಹೆಂಗಸರಿಗೆಂದೇ ಪ್ರಾಥಮಿಕ ತರಗತಿಗಳಿದ್ದವು. ಉಳಿಯಲು ಹಾಸ್ಟೆಲ್ ಇತ್ತು. ಓದು ಒಂದು ಮಟ್ಟಕ್ಕೆ ಬಂದವರನ್ನು ಸಸೂನ್ ಆಸ್ಪತ್ರೆಗೆ ನರ್ಸಿಂಗ್ ಮತ್ತು ಸೂಲಗಿತ್ತಿ ತರಬೇತಿಗೆ ಕಳಿಸುತ್ತಿದ್ದರು. ಸಸೂನ್ ಆಸ್ಪತ್ರೆ ತನ್ನ ಮಟ್ಟ ಇಳಿಸಲಿಲ್ಲ. ಸೇವಾಸದನ ಹೆಂಗಸರನ್ನು ಆ ಮಟ್ಟಕ್ಕೆ ಏರಿಸಿ ಕಳಿಸಿತು. ಜರೆದವರು ಬೇಕಾದಷ್ಟಿದ್ದರು. ಆದರೂ ಮರಾಠಿ ಬ್ರಾಹ್ಮಣ ಮನೆಗಳ ವಿಧವೆಯರು ನರ್ಸಿನ ಉಡುಪು ತೊಟ್ಟರು. ಕಲಿಯಲು ತಡವಾಗಿ ಬಂದವರಿಗೆ ಮನ್ನಣೆಗಿಂತ ಹೆಚ್ಚಾಗಿ ಬೇಕಿದ್ದದ್ದು ಪೂರ್ವಸಿದ್ಧತೆಯ ಓದು, ಓದುವಾಗ ಅನ್ನ, ಮಲಗಲು ಜಾಗ. ಸ್ವತಃ ತಡವಾಗಿ ಕಲಿತಿದ್ದ ರಮಾಬಾಯಿಗೆ ಇದು ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ.

ಮುಂದೆ ನರ್ಸ್ ಎಂಬ ಹೆಸರಿಗೆ ಕಾನೂನಿನ ಬೇಲಿ ಬಂತು. ಮದರಾಸು ಪ್ರಾಂತ್ಯದಲ್ಲಿ 1926ರಲ್ಲಿ, ಸಂಯುಕ್ತ ಪ್ರಾಂತ್ಯದಲ್ಲಿ 1934ರಲ್ಲಿ, ಮುಂಬೈ ಪ್ರಾಂತ್ಯದಲ್ಲಿ 1935ರಲ್ಲಿ ನೋಂದಣಿ ಕಾಯ್ದೆಗಳಾದವು. ಅಂದರೆ ಮಂಗಳೂರಿನ ನರ್ಸಿಗೆ ಒಂದು ಕಾಯ್ದೆ, ಧಾರವಾಡದ ನರ್ಸಿಗೆ ಇನ್ನೊಂದು. ಕನ್ನಡನಾಡಿಗೆಲ್ಲ ಒಂದೇ ನೋಂದಣಿ ಪುಸ್ತಕ ಎಂದಾದದ್ದು ಏಕೀಕರಣದ ನಂತರ, 1961ರ ಕಾಯ್ದೆಯಿಂದ. ನೋಂದಣಿಯಿಂದ ರೋಗಿಗೆ ರಕ್ಷಣೆ ಸಿಕ್ಕಿತು, ನರ್ಸಿಗೆ ಮಾನ ಸಿಕ್ಕಿತು. ಜೊತೆಗೇ ಅನುಭವವೊಂದನ್ನೇ ನೆಚ್ಚಿದವರು ಬೇಲಿಯ ಹೊರಗೆ ಉಳಿದರು.

1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ ಕಂಡ ಚಿತ್ರ ಗಾಬರಿ ಹುಟ್ಟಿಸುವಂಥದ್ದು. ಬ್ರಿಟನ್ನಿನಲ್ಲಿ 300 ಜನರಿಗೆ ಒಬ್ಬ ನರ್ಸ್, ಬ್ರಿಟಿಷ್ ಇಂಡಿಯಾದಲ್ಲಿ 43,000 ಜನರಿಗೆ ಒಬ್ಬರು. ದೇಶಕ್ಕೆಲ್ಲ ಇದ್ದವರು ಸುಮಾರು 7,000. ಸಮಿತಿ ಎರಡು ದಾರಿ ಸೂಚಿಸಿತು: ಮೆಟ್ರಿಕ್ ಮುಗಿಸಿದವರಿಗೆ ಹಿರಿಯ ದರ್ಜೆ, ಮಿಡ್ಲ್ ಸ್ಕೂಲ್ ಮುಗಿಸಿದವರಿಗೆ ಕಿರಿಯ ದರ್ಜೆ. ಅದೇ ವರ್ಷ ದೆಹಲಿ ಮತ್ತು ವೆಲ್ಲೂರಿನಲ್ಲಿ ಪದವಿ ಶಿಕ್ಷಣ ಶುರುವಾಯಿತು. 1947ರಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. 1951ರಲ್ಲಿ ಪಂಜಾಬಿನ ತರನ್ ತಾರನ್‌ನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಎರಡು ವರ್ಷದ ಎಎನ್‌ಎಂ ಕೋರ್ಸ್ ಆರಂಭವಾಯಿತು. ನಮ್ಮ ಹಳ್ಳಿಗಳಲ್ಲಿ ಸೈಕಲ್ಲೇರಿ, ಕಾಲ್ನಡೆಯಲ್ಲಿ ಮನೆಮನೆಗೆ ಬರುತ್ತಿದ್ದ ನರ್ಸಮ್ಮ ಬಂದದ್ದು ಆ ದಾರಿಯಿಂದ.

ಎಎನ್‌ಎಂ ಪ್ರವೇಶದ ಮಟ್ಟ ಕಾಲಕಾಲಕ್ಕೆ ಏರಿತು. ಮೊದಲು ಏಳು-ಎಂಟನೆಯ ತರಗತಿ ಸಾಕಿತ್ತು. 1970ರ ದಶಕದ ಕೊನೆಗೆ ಹತ್ತನೆಯದು ಬೇಕಾಯಿತು. ಈಗ ಪಿಯುಸಿ. ಇದು ಸರಿಯೇ. ಇವತ್ತಿನ ವಾರ್ಡಿನಲ್ಲಿ ಇನ್‌ಫ್ಯೂಷನ್ ಪಂಪು, ಮಾನಿಟರು, ಹತ್ತಾರು ಬಗೆಯ ಆ್ಯಂಟಿಬಯಾಟಿಕ್ಕು ಇವೆ. ದಶಮಾಂಶದ ಚುಕ್ಕೆ ಒಂದು ಮನೆ ಆಚೆ ಹೋದರೆ ಜೀವ ಹೋಗುತ್ತದೆ. ರಸಾಯನಶಾಸ್ತ್ರ, ಜೀವಶಾಸ್ತ್ರ ಬಲ್ಲ ನರ್ಸ್ ಇದ್ದರೆ ರೋಗಿಗೇ ಕ್ಷೇಮ. ಕೇಳಬೇಕಾದದ್ದು, ಮಟ್ಟ ಏರಿದಂತೆ ಅದನ್ನು ಹತ್ತುವ ಮೆಟ್ಟಿಲನ್ನೂ ನಾವು ಕಟ್ಟಿದೆವೇ ಎಂದು.

ಭೇಲೂಪುರದಲ್ಲೋ ಬೆಂಗಳೂರಿನಲ್ಲೋ ಸೀರೆ ಅಂಗಡಿಯಲ್ಲಿ ಎಂಟು ವರ್ಷ ದುಡಿದ, ತಾಯಿಯನ್ನು ವಾರ್ಡಿನಲ್ಲಿ ತಿಂಗಳುಗಟ್ಟಲೆ ನೋಡಿಕೊಂಡ, ಪಿಯುಸಿಯಲ್ಲಿ ಕಲಾ ವಿಭಾಗ ಓದಿದ ಮೂವತ್ತರ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಿ. ಗಂಡಾದರೂ ಸರಿ, 1900ರ ಆ ಯುವಕರ ಊರಿನ ಮಾತಲ್ಲವೇ. ನರ್ಸ್ ಆಗಬೇಕೆಂಬ ಆಸೆ ಈಗ ಹುಟ್ಟಿದೆ. ಮೂರು ವರ್ಷದ ಜಿಎನ್‌ಎಂ ಅವಳಿಗೆ ತೆರೆದಿದೆ: ಕೌನ್ಸಿಲ್ ನಿಯಮದಂತೆ ಯಾವ ವಿಭಾಗದ ಪಿಯುಸಿಯಾದರೂ ಆಗುತ್ತದೆ, ಒಟ್ಟಾರೆ 40% ಅಂಕ ಬೇಕು, ಇಂಗ್ಲಿಷಿನಲ್ಲೂ ಅಷ್ಟೇ ಬೇಕು. ಗರಿಷ್ಠ ವಯಸ್ಸು 35. ಜಿಎನ್‌ಎಂ ಮುಗಿಸಿ ನೋಂದಾಯಿಸಿಕೊಂಡ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಕೋರ್ಸಿನಿಂದ ಬಿಎಸ್ಸಿ ಪದವಿಗೂ ಹೋಗಬಹುದು. ನೇರವಾಗಿ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಬೇಕೆಂದರೆ ಭೌತ, ರಸಾಯನ, ಜೀವಶಾಸ್ತ್ರ ಸೇರಿ 45% ಬೇಕು, ಇಂಗ್ಲಿಷಿನಲ್ಲಿ ಪಾಸಾಗಿರಬೇಕು.

ಆ ಮೂರು ವಿಷಯ ಓದದವರಿಗೆ ದಾರಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. ಅಲ್ಲಿ ಹನ್ನೆರಡನೆಯ ತರಗತಿಗೆ ಸೇರಲು ಗರಿಷ್ಠ ವಯಸ್ಸಿನ ಮಿತಿಯಿಲ್ಲ. ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷ ಸಮಯವಿದೆ, ಒಂಬತ್ತು ಬಾರಿ ಪರೀಕ್ಷೆ ಬರೆಯಬಹುದು. ವಿಜ್ಞಾನ ವಿಷಯಗಳೊಂದಿಗೆ ಅಲ್ಲಿ ಪಾಸಾದವರನ್ನು ನರ್ಸಿಂಗ್ ಕೌನ್ಸಿಲ್ ಒಪ್ಪುತ್ತದೆ. ಕೆಲಸ ಬಿಡುವ ಮುನ್ನವೇ, ರಾತ್ರಿ ಹೊತ್ತು, ಈ ಓದನ್ನು ಮುಗಿಸಿಕೊಳ್ಳಬಹುದು. ಎರಡು ಎಚ್ಚರ ಮಾತ್ರ ಬೇಕು. ಮೂವತ್ತರಲ್ಲಿ ಯೋಚಿಸಿದವಳಿಗೆ 35ರ ಗೆರೆ ಬಹಳ ಹತ್ತಿರ, ಆದ್ದರಿಂದ ಲೆಕ್ಕವನ್ನು ಹಿಂದಿನಿಂದ ಹಾಕಬೇಕು: ಸೇರಬೇಕಾದ ವರ್ಷ ಯಾವುದು, ಅದಕ್ಕೆ ಮೊದಲು ಎಷ್ಟು ಪರೀಕ್ಷೆ ಸಿಗುತ್ತವೆ. ಎರಡನೆಯದು, ಹಣ ಕಟ್ಟುವ ಮೊದಲು ಆಯಾ ರಾಜ್ಯದ ಪ್ರವೇಶ ನಿಯಮವನ್ನೂ ಕಾಲೇಜಿಗೆ ಕೌನ್ಸಿಲ್ಲಿನ ಮಾನ್ಯತೆ ಇದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಕಾಗದದ ಮೇಲೆ ಮೆಟ್ಟಿಲಿದೆ ಎಂದಾಯಿತು. ಆದರೆ ಸೇವಾಸದನ ಕೊಟ್ಟದ್ದರಲ್ಲಿ ಅರ್ಧ ಮಾತ್ರ ಇದು. ಕೆಮಿಸ್ಟ್ರಿ ಪುಸ್ತಕ ಹಿಡಿದು ಕೂತವಳಿಗೆ ಪಾಠ ಹೇಳುವವರಾರು, ತರಬೇತಿಯ ಮೂರು ವರ್ಷ ಮನೆಯ ಬಾಡಿಗೆ ಕಟ್ಟುವವರಾರು, ಮಗು ಇದ್ದರೆ ರಾತ್ರಿ ಪಾಳಿಯಲ್ಲಿ ಅದನ್ನು ನೋಡುವವರಾರು ಎಂಬುದಕ್ಕೆ ನಿಯಮಾವಳಿಯಲ್ಲಿ ಉತ್ತರವಿಲ್ಲ. ನರ್ಸಿಂಗ್ ಕಾಲೇಜುಗಳಿಗೆ ಹೆಸರಾದ ರಾಜ್ಯ ನಮ್ಮದು. ದೂರದ ರಾಜ್ಯಗಳ ಹದಿನೆಂಟರ ಮಕ್ಕಳು ಇಲ್ಲಿಗೆ ಓದಲು ಬರುತ್ತಾರೆ. ಮೂವತ್ತು ದಾಟಿದವರಿಗೆಂದು ಸಂಜೆ ಹೊತ್ತು ವಿಜ್ಞಾನ ಕಲಿಸುವ ಒಂದು ಕೊಠಡಿ, ಒಂದು ಸಣ್ಣ ವಿದ್ಯಾರ್ಥಿವೇತನ, ಒಂದು ಹಾಸ್ಟೆಲ್ ಇದ್ದರೆ ಎಷ್ಟೋ ಜನ ಪಳಗಿದ ಕೈಗಳು ಆಸ್ಪತ್ರೆಗೆ ಬಂದಾವು. ಇದಕ್ಕೆ ದೊಡ್ಡ ಸಂಸ್ಥೆಗಳೇ ಆಗಬೇಕೆಂದಿಲ್ಲ. ಮಠಗಳಿವೆ, ಕನ್ನಡ ಸಂಘಗಳಿವೆ, ನಿವೃತ್ತ ವಿಜ್ಞಾನ ಮೇಷ್ಟ್ರುಗಳಿದ್ದಾರೆ.

ಭೇಲೂಪುರದ ಜಲಸ್ಥಾವರ ಕಟ್ಟಿದವರು ನೀರು ತಾನಾಗಿಯೇ ಗುಡ್ಡ ಹತ್ತಲಿ ಎಂದು ಕಾಯುತ್ತಾ ಕೂರಲಿಲ್ಲ. ನದಿ ಕೆಳಗಿದೆ, ಊರು ಮೇಲಿದೆ ಎಂದು ಅಳೆದು ನೋಡಿ ನಡುವೆ ಪಂಪು ಇಟ್ಟರು. ಕಲಿಯಲು ತಡವಾಗಿ ಬರುವವರ ವಿಷಯದಲ್ಲೂ ಅಷ್ಟು ಲೆಕ್ಕ ಹಾಕಿದರೆ ಸಾಕು.