ನಿಜಾಮ ಸೀಮೆಯ ಅರಬರು: ದಂಡಿನಿಂದ ಪೌರತ್ವದವರೆಗೆ

ಮರಾಠವಾಡದಲ್ಲಿ ‘ಚಾವುಸ್’ ಎಂಬ ಅಡ್ಡಹೆಸರನ್ನು ಕೇಳದವರು ವಿರಳ. ತುರ್ಕಿ ದಂಡಿನ ಕೆಳದರ್ಜೆಯ ಅಧಿಕಾರಿಗೆ ಸಲ್ಲುತ್ತಿದ್ದ ಈ ಪದವಿಯ ಹೆಸರು ನಮ್ಮಲ್ಲಿ ಅರಬ ಮೂಲದ ಮನೆತನಗಳಿಗೆ ನಿಂತುಹೋಯಿತು. ಇವರ ಪೂರ್ವಿಕರು ಬಹುಮಟ್ಟಿಗೆ ದಕ್ಷಿಣ ಅರಬಸ್ತಾನದ ಹದ್ರಮೌತಿನಿಂದ ಬಂದು ನಿಜಾಮನ ಬಳಿಯೂ ಜಹಗೀರದಾರರ ಬಳಿಯೂ ದಂಡಾಳುಗಳಾದವರು.

ಹತ್ತೊಂಬತ್ತನೆಯ ಶತಮಾನದಲ್ಲಿ ಅರಬ ಜಮಾದಾರರ ದರ್ಪಕ್ಕೆ ಎಣೆಯಿರಲಿಲ್ಲ. ಸರಕಾರಕ್ಕೇ ಸಾಲ ಕೊಟ್ಟು ತಾಲೂಕುಗಳ ಕಂದಾಯವನ್ನು ಒತ್ತೆಯಾಗಿ ಪಡೆಯುತ್ತಿದ್ದರು; ಸಾಲ ತೀರಿಸದವನನ್ನು ತಮ್ಮ ಮನೆಯಲ್ಲಿಯೇ ಸೆರೆಯಿಡುತ್ತಿದ್ದರು. 1853ರಲ್ಲಿ ದಿವಾನನಾದ ಸಾಲಾರ್ ಜಂಗನು ಇದಕ್ಕೆ ಕಡಿವಾಣ ಹಾಕಿದನು. ಜಮಾದಾರನ ಈ ವೈಭವದಲ್ಲಿ ಬಡ ಸಿಪಾಯಿಗೆ ಪಾಲಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅವನಿಗಿದ್ದುದು ಸಂಬಳ ಮತ್ತು ಧಣಿಯ ಕೃಪೆ, ಹಕ್ಕೆಂಬುದಲ್ಲ.

1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆಯೊಡನೆ ಆ ಕೃಪೆಯೂ ಮುಗಿಯಿತು. ಅದಕ್ಕೂ ಮುಂಚೆ ರಜಾಕಾರರು ಈ ಸೀಮೆಯ ಹಳ್ಳಿಗಳನ್ನು ಗೋಳಾಡಿಸಿದ್ದರು, ಅದನ್ನು ಮರೆಯಲಾಗದು. ಅನಂತರ ನಡೆದುದನ್ನು ಮುಚ್ಚಿಡುವುದೂ ನ್ಯಾಯವಲ್ಲ. ಅದೇ ವರ್ಷದ ನವೆಂಬರ್–ಡಿಸೆಂಬರಿನಲ್ಲಿ ಸಂಚರಿಸಿದ ಪಂಡಿತ ಸುಂದರಲಾಲರ ನಿಯೋಗವು, ಮುಸಲ್ಮಾನರ ಮೇಲೆ ಹಿಂಸೆ ಅತಿಯಾಗಿ ನಡೆದ ಜಿಲ್ಲೆಗಳು ಉಸ್ಮಾನಾಬಾದ, ಬೀದರ, ಕಲಬುರ್ಗಿ, ನಾಂದೇಡಗಳೆಂದು ವರದಿ ಮಾಡಿತು. ಉದಗೀರ, ನಿಲಂಗಾಗಳು ಆಗ ಬೀದರಕ್ಕೆ ಸೇರಿದ್ದವು, ಉಮರ್ಗಾ ಉಸ್ಮಾನಾಬಾದಕ್ಕೆ. ಆ ವರದಿಯು ದಶಕಗಳ ಕಾಲ ಪ್ರಕಟವಾಗಲಿಲ್ಲ.

ದಂಡು ವಿಸರ್ಜಿತವಾಯಿತು, ಅನೇಕ ಅರಬರನ್ನು ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರನ್ನು ಹಡಗು ಹತ್ತಿಸಿ ‘ಸ್ವದೇಶ’ಕ್ಕೆ ಕಳುಹಿಸುವ ಯೋಚನೆ ಸರಕಾರಕ್ಕಿತ್ತು. ಯಾವ ಸ್ವದೇಶ? ತಂದೆ ಅಥವಾ ಅಜ್ಜ ಅರಬನಾದರೂ ತಾಯಿ ದಖನಿಯವಳು. ಇಲ್ಲಿಯೇ ಹುಟ್ಟಿದ ಎಷ್ಟೋ ಮಂದಿ ಅರಬಸ್ತಾನವನ್ನು ಕಣ್ಣಾರೆ ಕಂಡವರಲ್ಲ. ಇಂಥವರಿಗೆ ಅರಬರಲ್ಲಿಯೇ ‘ಮುವಲ್ಲದ್’ ಎಂಬ ಬೇರೆ ಹೆಸರಿತ್ತು. ಅತ್ತ ಹದ್ರಮೌತಿನಲ್ಲಿ ಬರಗಾಲ. ಏಡನ್ನಿನ ಬ್ರಿಟಿಷ್ ಆಡಳಿತಕ್ಕೂ ಇವರನ್ನು ಬರಮಾಡಿಕೊಳ್ಳುವ ಮನಸ್ಸಿರಲಿಲ್ಲ. ಕೆಲವರು ಹೋದರು, ಉಳಿದವರು ಇಲ್ಲಿಯೇ ನಿಂತರು.

1950ರ ಜನವರಿ 26ರಂದು ಪೂರ್ಣವಾಗಿ ಜಾರಿಗೆ ಬಂದ ಸಂವಿಧಾನದ 5ನೆಯ ವಿಧಿಯು ವಂಶವನ್ನು ಕೇಳಲಿಲ್ಲ. ಇಲ್ಲಿ ನೆಲೆಸಿದವನು ಇಲ್ಲಿಯೇ ಹುಟ್ಟಿದ್ದರೆ, ಇಲ್ಲವೆ ತಂದೆತಾಯಿಗಳಲ್ಲಿ ಒಬ್ಬರು ಇಲ್ಲಿ ಹುಟ್ಟಿದ್ದರೆ, ಅಥವಾ ತಾನು ಐದು ವರ್ಷದಿಂದ ವಾಸವಾಗಿದ್ದರೆ ಪೌರನೆಂದಿತು. ಯಾವ ಜಮಾದಾರನೂ ಕೊಡಿಸಲಾರದಿದ್ದ ಮತದ ಹಕ್ಕು ಸಿಪಾಯಿಯ ಮಗನಿಗೆ ಹೀಗೆ ದೊರೆಯಿತು.

ಗಡಿನಾಡಿನ ಕನ್ನಡಿಗರಾದ ನಮಗೆ ಈ ಕಥೆ ಪರಕೀಯವಲ್ಲ. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಹಂಚಿಹೋಗಿ ಉದಗೀರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೂ 1960ರಲ್ಲಿ ಮಹಾರಾಷ್ಟ್ರಕ್ಕೂ ಸೇರಿದವು. ಮನೆ ಬಿಟ್ಟು ಕದಲದ ಕನ್ನಡ ಕುಟುಂಬಗಳು ಭಾಷಾ ಅಲ್ಪಸಂಖ್ಯಾತರೆನಿಸಿದವು. ಅದೇ 1956ರಲ್ಲಿ ಸೇರಿದ 350-ಎ ವಿಧಿಯು, ಅಂಥವರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಒದಗಿಸಲು ಪ್ರತಿ ರಾಜ್ಯವೂ ‘ಪ್ರಯತ್ನಿಸತಕ್ಕದ್ದು’ ಎನ್ನುತ್ತದೆ. ಆ ಕ್ರಿಯಾಪದದ ತೂಕವೆಷ್ಟೆಂಬುದನ್ನು ಇಲ್ಲಿನ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ತಂದೆತಾಯಂದಿರೇ ಬಲ್ಲರು.